ವಿಷ ಬೆರೆಸಿದವರು ನಂಬಿದ್ದು ನಮ್ಮ ಮೆದುಳನ್ನು

2025ರ ಜುಲೈ 14. ಸವದತ್ತಿ ತಾಲೂಕಿನ ಹೂಲಿಕಟ್ಟಿಯ ಸರಕಾರಿ ಶಾಲೆಯಲ್ಲಿ ಟ್ಯಾಂಕಿನ ನೀರು ಕುಡಿದ ಮಕ್ಕಳು ಅಸ್ವಸ್ಥರಾದರು. ದೇವಕೃಪೆಯಿಂದ ಯಾವ ಮಗುವೂ ಸಾಯಲಿಲ್ಲ. ಆಗಸ್ಟ್‌ನಲ್ಲಿ ಪೊಲೀಸರು ಮೂವರನ್ನು ಬಂಧಿಸಿದರು. ಅವರಲ್ಲೊಬ್ಬ ಶ್ರೀರಾಮ ಸೇನೆಯ ತಾಲೂಕು ಅಧ್ಯಕ್ಷ. 13 ವರ್ಷಗಳಿಂದ ಅಲ್ಲಿ ಸೇವೆ ಸಲ್ಲಿಸುತ್ತಿದ್ದ ಮುಸ್ಲಿಮ್ ಮುಖ್ಯೋಪಾಧ್ಯಾಯರ ಮೇಲೆ ಸಂಶಯ ಹುಟ್ಟಿಸಿ, ಅವರನ್ನು ವರ್ಗಾವಣೆ ಮಾಡಿಸುವುದೇ ಉದ್ದೇಶವಾಗಿತ್ತು ಎಂದು ಪೊಲೀಸರು ಹೇಳಿದರು.

ಸ್ವಲ್ಪ ಆಲೋಚಿಸಿ. ಈ ಸಂಚಿಗೆ ವಿಷವೊಂದೇ ಸಾಲದು. ಮಕ್ಕಳು ಬಿದ್ದೊಡನೆ ಊರು ಯಾರತ್ತ ಬೆರಳು ತೋರಿಸುತ್ತದೆ ಎಂಬ ಲೆಕ್ಕಾಚಾರವೂ ಬೇಕು. ನಿಜವಾಗಿ, ಸಂಚುಕೋರರು ನಂಬಿದ್ದು ಊರವರ ಮೆದುಳನ್ನು.

ಆ ನಂಬಿಕೆ ತೀರಾ ನಿರಾಧಾರವೇನಲ್ಲ. ಅಪರಿಚಿತ ಮುಖವೊಂದು ನಂಬಿಕೆಗೆ ಅರ್ಹವೋ ಅಲ್ಲವೋ ಎಂದು ನಾವು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ತೀರ್ಮಾನಿಸಿಬಿಡುತ್ತೇವೆಂದು 2006ರಲ್ಲಿ ಪ್ರಿನ್ಸ್‌ಟನ್‌ನ ಸಂಶೋಧಕರು ತೋರಿಸಿದರು. ಹೆಚ್ಚು ಸಮಯ ಕೊಟ್ಟಾಗ ತೀರ್ಪು ಅಷ್ಟಾಗಿ ಬದಲಾಗಲಿಲ್ಲ, ತೀರ್ಪಿನ ಮೇಲಿನ ಭರವಸೆ ಮಾತ್ರ ಹೆಚ್ಚಾಯಿತು! 2009ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನ ಇನ್ನೂ ಕಟುವಾದುದು. ನಮ್ಮ ಅಭಿಪ್ರಾಯ ಗುಂಪಿನದಕ್ಕಿಂತ ಭಿನ್ನವಾದಾಗ, ತಪ್ಪು ಮಾಡಿದಾಗ ಏಳುವಂಥದೇ ಸಂಕೇತ ಮೆದುಳಿನಲ್ಲಿ ಏಳುತ್ತದೆ. ಗುಂಪಿನಿಂದ ಬೇರೆಯಾಗುವುದನ್ನೇ ಮೆದುಳು ತಪ್ಪೆಂದು ಎಣಿಸುತ್ತದೆ.

ಹಾಗಾದರೆ ಗುಂಪಿನ ತಪ್ಪಿಗೆ ಯಾರೂ ಹೊಣೆಯಲ್ಲವೇ? ಈ ವಾದವನ್ನು ಇತ್ತೀಚೆಗೆ ವಿದ್ಯಾವಂತರೂ ಮುಂದಿಡುತ್ತಿದ್ದಾರೆ. ಇದು ಶುದ್ಧ ಸೋಮಾರಿತನ. ಬೈಲಹೊಂಗಲದ ಸಂತೆಯಲ್ಲಿ ಹತ್ತು ಮಂದಿ ಹೊಗಳಿದ ಎತ್ತಿನ ಬಾಯಿಯನ್ನೂ ರೈತ ತೆರೆದು ಹಲ್ಲು ನೋಡುತ್ತಾನೆ. ಅವನಿಗಿರುವುದೂ ಅದೇ ಮೆದುಳು. ಹಣ ಕೊಡುವಾಗ ಬರುವ ಎಚ್ಚರ, ಇನ್ನೊಬ್ಬರ ಮಾನ ತೆಗೆಯುವಾಗ ಯಾಕೆ ಬರುವುದಿಲ್ಲ?

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಆ ಎಚ್ಚರ ಯಾರಿಗೂ ಬರಲಿಲ್ಲ. ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಹೇಳಿತು. ಹೈದರಾಬಾದಿನ ಯುವಕನೊಬ್ಬ ಬೀದಿಯಲ್ಲೇ ಹತನಾದ. ಹೂಲಿಕಟ್ಟಿಯಲ್ಲಿ ಪೊಲೀಸರು ವದಂತಿಯ ಬದಲು ಬಾಟಲಿಯೊಂದರ ಜಾಡು ಹಿಡಿದರು. ಅದು ತಲುಪಿದ್ದು ಐದನೇ ತರಗತಿಯ ಬಾಲಕನ ಬಳಿಗೆ. ಅವನಿಗೆ ತಿಂಡಿ, ಚಾಕೊಲೇಟ್, 500 ರೂಪಾಯಿ ಕೊಟ್ಟು ಕೆಲಸ ಮಾಡಿಸಲಾಗಿತ್ತಂತೆ. ಎರಡೂ ಕಡೆ ಚಾಕೊಲೇಟ್!

ಇಷ್ಟು ಓದಿ ತಲೆದೂಗುವ ನಮ್ಮವರಿಗೂ ಒಂದು ಮಾತಿದೆ. ಸುದ್ದಿ ಬಂದರೆ ಮೊದಲು ಪರಿಶೀಲಿಸಿ ಎಂದು ಪವಿತ್ರ ಕುರ್‌ಆನಿನ ಅಲ್ ಹುಜುರಾತ್ ಅಧ್ಯಾಯ ವಿಶ್ವಾಸಿಗಳಿಗೇ ಆದೇಶಿಸುತ್ತದೆ. ಕಿತ್ತೂರಿನಿಂದ ರಾಮದುರ್ಗದವರೆಗೆ ನಮ್ಮ ಮನೆಗಳ ಮೊಬೈಲ್‌ಗಳಲ್ಲಿ, ಜಮಾಅತಿನ ಗುಂಪುಗಳಲ್ಲಿ ನಿನ್ನೆ ರಾತ್ರಿ ಮುಂದಕ್ಕೆ ಕಳಿಸಲಾದ ಸಂದೇಶಗಳಲ್ಲಿ ಎಷ್ಟನ್ನು ನಾವು ಪರಿಶೀಲಿಸಿದ್ದೆವು?