ತಾಮ್ರ ಗುಜರಿಗೆ, ಹೊಗೆ ಊರಿಗೆ

ಸಂಜೆ ಬಸ್ಸು ಊರಾಚೆಯ ಹಳ್ಳ ದಾಟುವಾಗ ಮೂಗು ಮುಚ್ಚಿಕೊಳ್ಳದವರು ಯಾರು? ಆ ಕರೀ ಹೊಗೆ ವೈರು ಸುಡೋದರದ್ದು. ಮೇಲಿನ ಪ್ಲಾಸ್ಟಿಕ್ ಉರಿದುಹೋದರೆ ಒಳಗಿನ ತಾಮ್ರಕ್ಕೆ ನಗದು ಸಿಗುತ್ತೆ. ಆದರೆ ಪಿವಿಸಿ ಹೀಗೆ ಬಯಲಲ್ಲಿ ಉರಿದರೆ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಅದು ಹುಲ್ಲಿನ ಮೇಲೆ ಕೂತು, ಮೇಯ್ದ ಹಸುವಿನ ಹಾಲಿಗೂ ಇಳಿಯುತ್ತದೆ. ಬೆಳಗಿನ ಕಾಫಿಗೆ ಬರೋದು ಅದೇ ಹಾಲು ತಾನೇ!

ಹಳೇ ಡಬ್ಬಾ ಟೀವಿಯದು ಇನ್ನೂ ಕೆಟ್ಟ ಕಥೆ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ ಸುತ್ತಿದ ತಾಮ್ರ ಬಿಚ್ಚಿಕೊಂಡ ಮೇಲೆ ಗಾಜು ಯಾರಿಗೂ ಬೇಡ, ಹಳ್ಳಕ್ಕೆ ಎಸೀತಾರೆ. ದೊಡ್ಡ ಕಲರ್ ಟೀವಿಯ ಗಾಜಿನಲ್ಲಿ ಕಿಲೋಗಟ್ಟಲೆ ಸೀಸ ಇರುತ್ತೆ. ಅದು ಮಕ್ಕಳ ಮಿದುಳಿಗೆ ಕುತ್ತು. ಇಷ್ಟಿದ್ದರೆ ಪರವಾಗಿಲ್ಲ ಎನ್ನುವ ಮಿತಿಯೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಕಾನೂನಿಲ್ಲವೇ ಸ್ವಾಮೀ? ಇದೆ. 2011ರಲ್ಲಿ ಬಂತು, 2016ರಲ್ಲಿ ಬದಲಾಯಿತು. 2022ರ ಹೊಸ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಮಾಲು ತಯಾರಿಸಿದ ಕಂಪನಿಯೇ ಹೊಣೆ ಅನ್ನುತ್ತದೆ ಅದು. ಆದರೆ ನೋಂದಾಯಿತ ಮರುಬಳಕೆ ಕಾರ್ಖಾನೆಯಿಂದ ಸರ್ಟಿಫಿಕೇಟು ಕೊಂಡರೆ ಕಂಪನಿಯ ಲೆಕ್ಕ ಚುಕ್ತಾ. ನಮ್ಮ ಬಾಗಿಲಿಗೆ ತಕ್ಕಡಿ ಹಿಡಿದು ಬರೋನು ಗುಜರಿಯವನೇ. ಅವನನ್ನು ಬೈದು ಫಲವಿಲ್ಲ, ಆ ಹೊಗೆ ಮೊದಲು ಕುಡಿಯೋನೂ ಅವನೇ. ಅವನಿಗೆ ಸುಡದೇ ಕಾಸು ಸಿಗುವ ದಾರಿ ಊರಲ್ಲಿ ಆಗಬೇಕು.

ವಾರಸುದಾರರಿಲ್ಲದ ಇಂಥ ಕಸ ಎತ್ತಿಸಿ ನೋಂದಾಯಿತ ಕಾರ್ಖಾನೆಗೆ ಮುಟ್ಟಿಸೋ ಕೆಲಸ ಅದೇ ನಿಯಮದಂತೆ ನಗರಸಭೆಯದ್ದು. ಹಳ್ಳದಲ್ಲಿ ಬಿದ್ದಿರುವ ಗಾಜಿನ ರಾಶಿಗೆ ವಾರಸುದಾರರು ಯಾರು ಅಂತ ಮುಂದಿನ ಸಭೆಯಲ್ಲಿ ಒಬ್ಬ ಸದಸ್ಯರಾದರೂ ಕೇಳುತ್ತಾರೆಯೇ?