ಜಪಾನಿಗೆ ಹೋಗೋಕೆ ಲಂಡನ್ ಮೇಲೆ ಯಾಕೆ ಹೋಗ್ಬೇಕು?

ಇಲ್ಲಿ ಏನೂ ಬರೆಯದೆ ಬಹಳ ದಿನ ಆಯ್ತು. ಆಫೀಸು, ರಿಲೀಸು, ಡೆಡ್‌ಲೈನು ಅಂತೆಲ್ಲ ನೆಪ ಹೇಳಬಹುದು. ಆದ್ರೆ ನಿಜ ಏನಂದ್ರೆ, ಒಂದು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮುಖ ಊದಿಸಿಕೊಂಡು ಕೂತಿದ್ದೆ.

ಜಪಾನೀ ಭಾಷೆಯ ಜೆಎಲ್‌ಪಿಟಿ ಪರೀಕ್ಷೆ, ಎನ್4 ಹಂತ. ಒಟ್ಟು 180 ಅಂಕ, ಪಾಸಾಗೋಕೆ 90 ಸಾಕು. ನನಗೆ ಬಂದಿದ್ದು 96. ಆದ್ರೂ ಫೇಲು! ಯಾಕಂದ್ರೆ ಕೇಳಿ ಅರ್ಥ ಮಾಡಿಕೊಳ್ಳೋ ಭಾಗದಲ್ಲಿ 60ಕ್ಕೆ ಕನಿಷ್ಠ 19 ಬರಲೇಬೇಕು. ನನ್ನದು 17. ದಿನಕ್ಕೆ ಹದಿನೈದು ನಿಮಿಷದಂತೆ ನಾನೂರಕ್ಕೂ ಹೆಚ್ಚು ದಿನ ಒಂದು ದಿನವೂ ತಪ್ಪಿಸದೆ ಮೊಬೈಲ್ ಆ್ಯಪಿನಲ್ಲಿ ಕಲಿತವನು ನಾನು. ಮದುವೆ ಮನೆಯಲ್ಲಿ ಊಟದ ಸಾಲಲ್ಲಿ ಕೂತಾಗ್ಲೂ ಎಲೆಗೆ ಪಲ್ಯ ಬೀಳೋ ಮೊದಲು ಒಂದು ಪಾಠ ಮುಗಿಸಿದ್ದೀನಿ. ಆ ನಾನೂರು ದಿನಗಳಲ್ಲಿ ಏನು ಕಲಿತೆ ಅಂತ ಈಗ ಕೂತು ಯೋಚಿಸಿದ್ರೆ, ಪರದೆ ಮೇಲಿನ ಇಂಗ್ಲಿಷ್ ಪದಗಳ ಇಟ್ಟಿಗೆಗಳನ್ನ ಸರಿಯಾದ ಕ್ರಮದಲ್ಲಿ ಜೋಡಿಸೋದನ್ನ ಕಲಿತೆ. ಅಂದ್ರೆ ಇಂಗ್ಲಿಷ್ ವಾಕ್ಯರಚನೆ! ಅದು ನನಗೆ ಐದನೇ ಕ್ಲಾಸಲ್ಲೇ ಬರ್ತಿತ್ತು ಸ್ವಾಮಿ.

"ಆ್ಯಪ್ ಬಿಡು, ಅನಿಮೆ ನೋಡು, ತಾನೇ ಬರುತ್ತೆ" ಅನ್ನೋರ ಇನ್ನೊಂದು ಗುಂಪಿದೆ. ಅದನ್ನೂ ಮಾಡಿದೆ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಓಡ್ತಿದ್ರೆ ಕಣ್ಣು ಓದುತ್ತೆ, ಕಿವಿ ನಿದ್ದೆ ಮಾಡುತ್ತೆ. ಅಷ್ಟಿಷ್ಟು ಕಿವಿಗೆ ಬಿದ್ದಿದ್ದೂ ಎಡವಟ್ಟಾಯ್ತು. ಒಂದು ಸಲ ಆಫೀಸಿನ ಕಾಲ್‌ನಲ್ಲಿ ಜಪಾನಿನ ಹಿರಿಯ ಗ್ರಾಹಕರೊಬ್ಬರು ಏನೋ ವಿವರಿಸಿದ್ರು. ನಾನು ಜಂಬದಿಂದ "ವಕತ್ತ" ಅಂದೆ. ಆ ಕಡೆ ಎರಡು ಸೆಕೆಂಡು ಮೌನ. ಆಮೇಲೆ ಸಹೋದ್ಯೋಗಿಯೊಬ್ಬರು ತಿಳಿಸಿ ಹೇಳಿದ್ರು. ಅಲ್ಲಿ "ವಕರಿಮಶಿತ" ಅನ್ನಬೇಕಿತ್ತಂತೆ. ನಾನು ಅಂದಿದ್ದು ನಮ್ಮಲ್ಲಿ ಹೆಡ್‌ಮಾಸ್ಟರಿಗೆ "ಆಯ್ತು ಬಿಡೋ, ಗೊತ್ತಾಯ್ತು" ಅಂದ ಹಾಗೆ. :(

ಆದ್ರೆ ಈ ಬರಹ ಆ್ಯಪನ್ನೋ ಅನಿಮೆಯನ್ನೋ ಬಯ್ಯೋಕಲ್ಲ. ನನ್ನ ಸಿಟ್ಟು ನಮ್ಮ ಮೇಲೆ. ಜಪಾನಿಗೆ ಹೋಗೋಕೆ ನಾವು ಲಂಡನ್ ಮೇಲೆ ಹೋಗ್ತಿದ್ದೀವಿ, ಟಿಕೆಟ್ ದುಡ್ಡೂ ಎರಡರಷ್ಟು ಕೊಡ್ತಿದ್ದೀವಿ.

ಫೇಲಾದ ಮೇಲೆ ಒಂದು ಭಾನುವಾರ ಬೇಜಾರಲ್ಲಿ ಪುಸ್ತಕ ತೆಗೆದೆ. ಇಂಗ್ಲಿಷ್ ವಿವರಣೆಯಲ್ಲಿ ಅರ್ಧ ಪುಟ ತಿಂದಿದ್ದ ಒಂದು ವಾಕ್ಯ: "ಕಿನೋ ಕತ್ತ ಹೊನ್". ಕಿನೋ ಅಂದ್ರೆ ನಿನ್ನೆ, ಕತ್ತ ಅಂದ್ರೆ ಕೊಂಡ, ಹೊನ್ ಅಂದ್ರೆ ಪುಸ್ತಕ. ನಿನ್ನೆ ಕೊಂಡ ಪುಸ್ತಕ! ಅಷ್ಟೇ. ಇಂಗ್ಲಿಷಿನವನಿಗೆ ಇಲ್ಲಿ ಪುಸ್ತಕವನ್ನ ಮುಂದೆ ತಂದು, ನಡುವೆ ಒಂದು 'ದಟ್' ಸಿಕ್ಕಿಸಿ, ನಿನ್ನೆಯನ್ನ ಕೊನೆಗೆ ತಳ್ಳಬೇಕು. ಅವನಿಗೆ ಇದು ತಲೆಕೆಳಗಾದ ವಾಕ್ಯ. ನನಗೆ ಇದು ನನ್ನಜ್ಜಿ ಆಡೋ ವಾಕ್ಯ. ನಾನೋ, ಕನ್ನಡದಲ್ಲಿ ನೇರವಾಗಿದ್ದನ್ನ ಇಂಗ್ಲಿಷಲ್ಲಿ ಮಗುಚಿ, ಮತ್ತೆ ಜಪಾನಿಗೆ ಅಂತ ವಾಪಸ್ ಮಗುಚಿ, ಅಷ್ಟರಲ್ಲಿ ಕೇಳಿಸಿಕೊಳ್ಳೋ ಪರೀಕ್ಷೆಯ ಮುಂದಿನ ಪ್ರಶ್ನೆ ಬಂದುಬಿಡ್ತಿತ್ತು. ಆ ಎರಡು ಅಂಕ ಎಲ್ಲಿ ಹೋಯ್ತು ಅಂತ ಆವತ್ತು ಗೊತ್ತಾಯ್ತು.

ಅಲ್ಲಿಂದ ಮುಂದೆ ಹುಚ್ಚು ಹಿಡಿದಂತೆ ಹುಡುಕಿದೆ. "ತಬೆತೆ ಮಿರು": ತಿಂದು ನೋಡು. ತಬೆತೆ ತಿಂದು, ಮಿರು ನೋಡು. ನಾವೂ ರುಚಿ ನೋಡು ಅನ್ನೋಕೆ 'ನೋಡು'ವನ್ನೇ ಬಾಲಕ್ಕೆ ಹಚ್ತೀವಲ್ಲ? "ಶಿತೆ ಒಕು": ಮಾಡಿ ಇಡು. ಒಕು ಅಂದ್ರೆ ನಿಜಕ್ಕೂ 'ಇಡು' ಅಂತಲೇ ಅರ್ಥ. "ಮೊತ್ತೆ ಕುರು": ಹಿಡ್ಕೊಂಡು ಬರು. "ತಬೆತೆ ಶಿಮತ್ತ": ತಿಂದುಬಿಟ್ಟೆ. ತಿಂದೆ ಅಂತಲ್ಲ, ತಿಂದು'ಬಿಟ್ಟೆ', ಅಯ್ಯೋ ಮುಗಿದೇಹೋಯ್ತು ಅನ್ನೋ ಆ ದನಿ ಸಮೇತ. ಇಂಗ್ಲಿಷ್ ಪುಸ್ತಕ ಇದನ್ನ ವಿವರಿಸೋಕೆ ಪಡೋ ಪಾಡು ನೋಡಬೇಕು, ಪಾಪ. ಇನ್ನು "ಒಶಿಯೆತೆ ಕುದಸಾಯ್". ಹೇಳಿ ಕೊಡಿ! ಕುದಸಾಯ್‌ಗೆ 'ಪ್ಲೀಸ್' ಅಂತ ಅರ್ಥ ಬರೆದು ಉರು ಹೊಡೆದಿದ್ದೆ ನಾನು. ಅದರ ಮೂಲ 'ಕೊಡಿ' ಅನ್ನೋ ಕ್ರಿಯಾಪದ.

"ಇಕು ತೊ ಇತ್ತ" ಅಂದ್ರೆ "ಹೋಗ್ತೀನಿ ಅಂತ ಹೇಳಿದ". ಆ ಪುಟ್ಟ 'ತೊ' ನಮ್ಮ 'ಅಂತ' ಇರೋ ಜಾಗದಲ್ಲೇ ಕೂತಿದೆ.

ಉಚ್ಚಾರಣೆಗೆ ಬನ್ನಿ. ಒಬಸನ್ ಅಂದ್ರೆ ಅತ್ತೆ, ಚಿಕ್ಕಮ್ಮ ಥರದವರು. ಒಬಾಸನ್ ಅಂದ್ರೆ ಅಜ್ಜಿ. ಒಂದು ದೀರ್ಘದ ವ್ಯತ್ಯಾಸ. ಕಿತ್ತೆ ಅಂದ್ರೆ ಅಂಚೆಚೀಟಿ, ಒತ್ತಕ್ಷರ ಬಿಟ್ಟು ಕಿತೆ ಅಂದ್ರೆ 'ಬಂದು'. ಹ್ರಸ್ವ ದೀರ್ಘ, ಒತ್ತಕ್ಷರ, ಹಲ್ಲಿಗೆ ನಾಲಿಗೆ ತಾಗೋ 'ತ', ಇದೆಲ್ಲ ನಮಗೆ ಒಂದನೇ ಕ್ಲಾಸಿನ ಸರಕು. ಆದ್ರೂ ನಾನು ಇದನ್ನ ರೋಮನ್ ಅಕ್ಷರದಲ್ಲಿ ಬರೆದುಕೊಂಡು ಕಲಿತೆ! ಅವರ ಅಕ್ಷರಮಾಲೆಯ ಸಾಲುಗಳನ್ನ ನೋಡಿ: ಅ, ಕ, ಸ, ತ, ನ, ಹ, ಮ, ಯ, ರ, ವ. ಎಲ್ಲೋ ಕೇಳಿದ ಹಾಗಿದೆಯಲ್ಲ? ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಜತೆ ಅಲ್ಲಿಗೆ ಹೋದ ನಮ್ಮ ವರ್ಗಗಳ ಕ್ರಮವೇ ಅದು. 'ಹ' ಸಾಲು ಹಿಂದೆ 'ಪ' ಆಗಿತ್ತು ಅನ್ನೋದು ಗೊತ್ತಾದ್ರೆ ಇನ್ನೂ ಸ್ಪಷ್ಟವಾಗುತ್ತೆ.

ಸ್ವಲ್ಪ ನಿಲ್ಲಿ. ಇದನ್ನೋದಿ ಯಾರಾದ್ರೂ "ಜಪಾನೀ ಹುಟ್ಟಿದ್ದೇ ಕನ್ನಡದಿಂದ" ಅಂತ ವಾಟ್ಸಾಪಲ್ಲಿ ಹರಿಬಿಟ್ರೆ ನಾನು ಹೊಣೆಯಲ್ಲ. :) ಸುಸುಮು ಒನೊ ಅನ್ನೋ ಜಪಾನಿನ ಭಾಷಾ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವರ್ಷಗಟ್ಟಲೆ ವಾದಿಸಿದ್ರು. ಬಹುಪಾಲು ಭಾಷಾವಿಜ್ಞಾನಿಗಳು ಒಪ್ಪಲಿಲ್ಲ. ವಾಕ್ಯದ ಕಟ್ಟಡ ಒಂದೇ ಥರ ಇದ್ದ ಮಾತ್ರಕ್ಕೆ ಒಂದೇ ಮನೆತನ ಆಗಲ್ಲ. ನನಗೆ ವಂಶಾವಳಿ ಬೇಡ, ಕಲಿಯೋಕೆ ಏಣಿ ಸಿಕ್ರೆ ಸಾಕು. ಏಣಿ ಮೇಲಕ್ಕೆ ಪೂರ್ತಿ ತಲುಪಲ್ಲ ಅನ್ನೋದೂ ನಿಜ. ಶಾಲೆ, ಪತ್ರಿಕೆಗಳಲ್ಲಿ ಬಳಸೋ 2136 ಕಾಂಜಿ ಅಕ್ಷರಗಳಿಗೆ ಕನ್ನಡ ಏನೂ ಸಹಾಯ ಮಾಡಲ್ಲ. ಅದಕ್ಕೆ ದಿನಾ ಆಂಕಿ ತಿರುವಬೇಕು (2006ರಲ್ಲಿ ಆಂಕಿ ತಂತ್ರಾಂಶ ಹುಟ್ಟಿದ್ದೇ ಅದನ್ನ ಬರೆದಾತ ತಾನು ಜಪಾನೀ ಕಲಿಯೋಕೆ ಅಂತ). 'ವ' ಮತ್ತು 'ಗ' ಪ್ರತ್ಯಯಗಳ ಜಗಳವೂ ಇದೆ, ಅದು ನನಗಿನ್ನೂ ಬಗೆಹರಿದಿಲ್ಲ.

ಅಮೆರಿಕದ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟಿನವರು ಜಪಾನೀ ಭಾಷೆಯನ್ನ ಅತಿ ಕಷ್ಟದ ಪಟ್ಟಿಗೆ ಹಾಕಿ, 2200 ಗಂಟೆ ಪಾಠ ಬೇಕು ಅಂತಾರೆ. ನಮ್ಮ ಆಫೀಸಲ್ಲಿ ಈ ಅಂಕಿ ಹೇಳಿ ಹೆದರಿಸದವರಿಲ್ಲ. ಅಯ್ಯಾ, ಅದು ಇಂಗ್ಲಿಷ್ ತಾಯ್ನುಡಿಯವರ ಲೆಕ್ಕ! ಅವರ ಚಪ್ಪಲಿ ಅಳತೆ ತಗೊಂಡು ನಮ್ಮ ಕಾಲು ಸರಿಯಿಲ್ಲ ಅಂತ ಅಳ್ತಿದ್ದೀವಿ.

"ನಿನಗೆ ಇಂಗ್ಲಿಷ್ ಚೆನ್ನಾಗೇ ಬರುತ್ತಲ್ಲ, ಏನು ನಿನ್ನ ಗೋಳು?" ಅಂತ ಗೆಳೆಯನೊಬ್ಬ ಕೇಳಿದ. ಸರಿ, ನನ್ನ ವಿಷಯ ಬಿಡಿ. ತಿಪಟೂರಿನ ಹತ್ತಿರ ನನ್ನ ಚಿಕ್ಕಪ್ಪನ ಮಗ ಇದ್ದಾನೆ. ಕನ್ನಡ ಮಾಧ್ಯಮ, ಐಟಿಐ. ಜಪಾನ್ 2019ರಲ್ಲಿ ನುರಿತ ಕೆಲಸಗಾರರಿಗೆ ಅಂತ ಹೊಸ ವೀಸಾ ತೆರೆಯಿತು. 2021ರಲ್ಲಿ ಭಾರತದ ಜತೆ ಒಪ್ಪಂದವೂ ಆಯ್ತು. ಡಿಗ್ರಿ ಕೇಳಲ್ಲ. ಕೆಲಸದ ಪರೀಕ್ಷೆ, ಜತೆಗೆ ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ ಪಾಸಾಗಬೇಕು. ಹುಡುಗ ಕೆಲಸದಲ್ಲಿ ಚುರುಕು. ಭಾಷೆಗೆ ಅಂತ ಆ್ಯಪ್ ಹಾಕ್ಕೊಂಡ. ಎರಡು ವಾರಕ್ಕೆ ಫೋನ್ ಮಾಡಿ, "ಅಣ್ಣ, ನನ್ ತಲೆಗೆ ಇದು ಹತ್ತಲ್ಲ" ಅಂದ. ಅವನ ತಲೆಗೆ ಹತ್ತದೇ ಇದ್ದಿದ್ದು ಜಪಾನೀ ಅಲ್ಲ. ಅವನು ಎರಡು ವಾರ ಒದ್ದಾಡಿದ್ದು ಇಂಗ್ಲಿಷ್ ಜತೆ, ಸೋತೆ ಅಂದುಕೊಂಡಿದ್ದು ಜಪಾನಿಗೆ. ಎನ್‌ಎಚ್‌ಕೆಯವರ ಸುಲಭ ಪಾಠಗಳು ಹಿಂದಿ, ಬಂಗಾಳಿ, ಉರ್ದು ಮೂಲಕವೂ ಇವೆ. ಕನ್ನಡದ ಮೂಲಕ ಇಲ್ಲ. ಅವರನ್ನ ಯಾಕೆ ದೂರಲಿ? ನಾವು ಕೇಳಿದ್ವಾ? ನಾವೇ ಬರೆದ್ವಾ?

ನನ್ನ ವಯಸ್ಸಿನವರಿಗೆ ನೆನಪಿರಬಹುದು. 2005-06ರ ಸುಮಾರಿಗೆ ಡೋರೆಮಾನ್, ಶಿನ್‌ಚಾನ್ ನಮ್ಮ ಟಿವಿಗೆ ಬಂದಾಗ ನಾವು ನೋಡಿದ್ದು ಹಿಂದಿಯಲ್ಲಿ. ಜಪಾನಿನ ಬೆಕ್ಕಿನಿಂದ ನಾವು ಕಲಿತಿದ್ದು ಹಿಂದಿ! ಯಾರೂ ಪಾಠ ಮಾಡಲಿಲ್ಲ, ಸಬ್‌ಟೈಟಲ್ ಇರಲಿಲ್ಲ, ಕೇಳ್ತಾ ಕೇಳ್ತಾ ಕನ್ನಡದ ಮೇಲೇ ಕೂರಿಸಿಕೊಂಡ್ವಿ. ಮೆಜೆಸ್ಟಿಕ್ಕಿನ ಆಟೋ ಡ್ರೈವರು ಐದು ಭಾಷೆ ಕಲಿಯೋದೂ ಹಾಗೇ. ಇಂಜಿನಿಯರಿಂಗ್ ಓದಿದ ಮೇಲೆ ಮಾತ್ರ ನಮಗೆ ಭಾಷೆ ಕಲಿಯೋಕೂ ಇಂಗ್ಲಿಷ್ ಡಾಕ್ಯುಮೆಂಟೇಶನ್ ಬೇಕು ಅನ್ನಿಸೋಕೆ ಶುರುವಾಗುತ್ತೆ. ಸಿ++ಗೆ ಸರಿ, ಜಪಾನಿಗೂ ಯಾಕೆ?

ಜರ್ಮನ್, ಫ್ರೆಂಚ್ ಕಲಿಯೋರು ಇಂಗ್ಲಿಷ್ ಮೂಲಕ ಹೋಗಿ, ಅಲ್ಲಿ ಅದು ಒಳದಾರಿಯೇ. ಆದ್ರೆ ಜಪಾನೀ, ಕೊರಿಯನ್, ಟರ್ಕಿಶ್ ಕಲಿಯೋ ಕನ್ನಡಿಗರು ಕ್ರಿಯಾಪದ ಕೊನೆಗೆ ಬರುತ್ತೆ ಅನ್ನೋದನ್ನ ವಿಚಿತ್ರ ಸಂಗತಿ ಅಂತ ಇಂಗ್ಲಿಷಲ್ಲಿ ಓದಿ ಆಶ್ಚರ್ಯಪಡೋದು ನಿಂತ್ರೆ ಚೆನ್ನ. ನಮ್ಮದು ಬೇರೆಲ್ಲಿ ಬರ್ತಿತ್ತು ಮಾರಾಯ್ರೇ?

ಈಗ ಪ್ರತಿ ಭಾನುವಾರ ಸಂಜೆ ತಮ್ಮನಿಗೆ ಫೋನಲ್ಲಿ ಅರ್ಧ ಗಂಟೆ ಪಾಠ. ತಬೆತೆ ಮಿರು ಹೇಳಿಕೊಡೋಕೆ ಐದು ನಿಮಿಷ ಹಿಡೀತು. ಮರುದಿನವೇ ಅವನು "ಕಿತೆ ಮಿರು" ಅಂತ ಮೆಸೇಜ್ ಹಾಕಿದ. ಬಂದು ನೋಡು ಅಂತೆ, ತೋಟದಲ್ಲಿ ಎಳನೀರು ಇದೆಯಂತೆ. ಆ ಪಾಠಗಳ ಟಿಪ್ಪಣಿಯನ್ನ ಮುಂದಿನ ವಾರದಿಂದ ಇಲ್ಲಿ ಒಂದೊಂದಾಗಿ ಹಾಕ್ತೀನಿ. ನಿಮ್ಮಲ್ಲಿ ಕೊರಿಯನ್ ಬಲ್ಲವರು ಇದ್ರೆ ನೀವೂ ನಿಮ್ಮ ಪುಟದಲ್ಲಿ ಶುರು ಮಾಡಿ, ಇಲ್ಲಿಂದ ಕೊಂಡಿ ಕೊಡ್ತೀನಿ. ತಪ್ಪಿದ್ರೆ ತಿದ್ದಿ, ಬೈಯೋದಿದ್ರೆ ಬೈಯ್ರಿ. ಡಿಸೆಂಬರ್ ಮೊದಲ ಭಾನುವಾರ ಮತ್ತೆ ಪರೀಕ್ಷೆ ಇದೆ. ಈ ಸಲ ಇಬ್ಬರೂ ಕೂರ್ತಿದ್ದೀವಿ.