ಕಪ್ಪು ಹಕ್ಕಿಯ ಲೆಕ್ಕದ ಪುಸ್ತಕ

ಮಕ್ಕಳೇ, ಒಮ್ಮೆ ಕಣ್ಣು ಮುಚ್ಚಿ ನಿಧಾನವಾಗಿ "ಒಂದು" ಎಂದು ಹೇಳಿ. ಅಷ್ಟು ಹೊತ್ತಿನಲ್ಲಿ ಹತ್ತಿರಹತ್ತಿರ ಒಂದು ಕಿಲೋಮೀಟರ್ ದಾಟಿಬಿಡುವ ವಿಮಾನವೊಂದಿತ್ತು. "ಹತ್ತು" ಅನ್ನುವಷ್ಟರಲ್ಲಿ ಪಕ್ಕದೂರು! ಅಮೆರಿಕದ ಆ ವಿಮಾನದ ಹೆಸರು ಎಸ್‌ಆರ್-71. ಮೈಯೆಲ್ಲ ಕಪ್ಪು ಬಣ್ಣ, ಆದ್ದರಿಂದ ಬ್ಲ್ಯಾಕ್‌ಬರ್ಡ್, ಅಂದರೆ ಕಪ್ಪು ಹಕ್ಕಿ ಎಂಬ ಅಡ್ಡಹೆಸರು. 1976ರ ಜುಲೈ 28ರಂದು ಅದು ಗಂಟೆಗೆ 3,529 ಕಿಲೋಮೀಟರ್ ವೇಗದಲ್ಲಿ ಹಾರಿ ವಿಶ್ವದಾಖಲೆ ಮಾಡಿತು. ಮನುಷ್ಯರು ಕೂತು ಹಾರಿಸುವ ಜೆಟ್ ವಿಮಾನಗಳಲ್ಲಿ ಆ ದಾಖಲೆಯನ್ನು ಇನ್ನೂ ಯಾವುದೂ ಮುರಿದಿಲ್ಲ.

ಇಷ್ಟು ಜೋರಾಗಿ ಓಡುವ ಈ ವಿಮಾನದಲ್ಲಿ ಬಂದೂಕೂ ಇರಲಿಲ್ಲ, ಬಾಂಬೂ ಇರಲಿಲ್ಲ. ಇದ್ದದ್ದು ಕ್ಯಾಮೆರಾ, ರೇಡಾರ್ ಮೊದಲಾದ ನೋಡುವ ಉಪಕರಣಗಳು ಮತ್ತು ಇಬ್ಬರು ಮನುಷ್ಯರು. ಮುಂದಿನ ಸೀಟಿನಲ್ಲಿ ಪೈಲಟ್, ಹಿಂದಿನ ಸೀಟಿನಲ್ಲಿ ಉಪಕರಣಗಳನ್ನು ನೋಡಿಕೊಳ್ಳುವ ಅಧಿಕಾರಿ. ಎತ್ತರದಲ್ಲಿ ಹಾರಿ, ಫೋಟೋ ತೆಗೆದು, ಯಾರ ಕೈಗೂ ಸಿಗದೆ ವಾಪಸ್ ಬರುವುದೇ ಅದರ ಕೆಲಸ.

ಹಾಗಾದರೆ ಅಷ್ಟೊಂದು ವೇಗ ಯಾಕೆ ಬೇಕಾಯಿತು? 1960ರ ಮೇ 1ರಂದು ಅಮೆರಿಕದ ಯು-2 ಎಂಬ ಬೇಹುಗಾರಿಕೆ ವಿಮಾನವೊಂದು ಸೋವಿಯತ್ ಒಕ್ಕೂಟದ ಮೇಲೆ ಹಾರುತ್ತಿತ್ತು. ಅದು ತುಂಬ ಎತ್ತರದಲ್ಲಿ ಹಾರುವ ವಿಮಾನ, ಆದರೆ ನಿಧಾನ. ಕ್ಷಿಪಣಿಯೊಂದು ಅದನ್ನು ಹೊಡೆದುರುಳಿಸಿತು. ಪೈಲಟ್ ಗ್ಯಾರಿ ಪವರ್ಸ್ ಪ್ಯಾರಾಚೂಟ್‌ನಲ್ಲಿ ಇಳಿದು ಸೆರೆಯಾದ. ಬಿಡುಗಡೆಯಾದದ್ದು 1962ರ ಫೆಬ್ರವರಿಯಲ್ಲಿ. ಎತ್ತರವೊಂದೇ ಸಾಲದು, ವೇಗವೂ ಬೇಕು ಎಂಬುದು ಖಚಿತವಾಯಿತು. ಲಾಕ್‌ಹೀಡ್ ಕಂಪೆನಿಯ ಎಂಜಿನಿಯರ್ ಕೆಲ್ಲಿ ಜಾನ್ಸನ್ ಮತ್ತು ಅವರ ತಂಡ ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್ ಊರಿನಲ್ಲಿ ಅಂಥ ವಿಮಾನದ ಕೆಲಸವನ್ನು ಆಗಲೇ ಗುಟ್ಟಾಗಿ ಶುರುಮಾಡಿತ್ತು. ಮೊದಲು ಬಂದದ್ದು ಒಂದೇ ಸೀಟಿನ ಎ-12. ಅದರ ತಮ್ಮನಾದ ಎಸ್‌ಆರ್-71 ಮೊದಲ ಸಲ ಹಾರಿದ್ದು 1964ರ ಡಿಸೆಂಬರ್ 22ರಂದು.

ಅವರಿಗೆ ಎದುರಾದ ಮೊದಲ ಶತ್ರು ಬಿಸಿ. ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುವಾಗ ಪಂಪಿನ ತುದಿ ಮುಟ್ಟಿ ನೋಡಿದ್ದೀರಾ? ಒಳಗೆ ಒತ್ತಿಕೊಂಡ ಗಾಳಿ ಬಿಸಿಯಾಗಿ ಪಂಪೂ ಕಾಯುತ್ತದೆ. ಶಬ್ದದ ಮೂರು ಪಟ್ಟು ವೇಗದಲ್ಲಿ ನುಗ್ಗುವ ವಿಮಾನದ ಮುಂದೆಯೂ ಗಾಳಿ ಹಾಗೆಯೇ ಒತ್ತಿಕೊಳ್ಳುತ್ತದೆ. ಹೊರಗೆ ಸೊನ್ನೆಗಿಂತ ಐವತ್ತು ಡಿಗ್ರಿ ಕೆಳಗಿನ ಚಳಿಯಿದ್ದರೂ ವಿಮಾನದ ಮೈ ಹಲವು ಕಡೆ 300 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ನಿಮ್ಮ ಅಜ್ಜಿಯ ದೋಸೆ ಕಾವಲಿಗಿಂತ ಬಿಸಿ!

ಆ ಬಿಸಿಗೆ ಅಲ್ಯೂಮಿನಿಯಂ ಸೋತುಹೋಗುತ್ತದೆ. ಆದ್ದರಿಂದ ವಿಮಾನದ ಬಹುಪಾಲನ್ನು ಟೈಟಾನಿಯಂನಲ್ಲಿ ಕಟ್ಟಿದರು. ಇಲ್ಲೊಂದು ತಮಾಷೆಯಿದೆ. ಆ ಲೋಹ ಹೇರಳವಾಗಿದ್ದದ್ದು ಸೋವಿಯತ್ ಒಕ್ಕೂಟದಲ್ಲಿ. ಯಾರ ಮೇಲೆ ಕಣ್ಣಿಡಲು ವಿಮಾನ ಕಟ್ಟುತ್ತಿದ್ದರೋ ಅವರಿಂದಲೇ, ಬೇರೆ ಬೇರೆ ಕಂಪೆನಿಗಳ ಹೆಸರು ಮುಂದಿಟ್ಟು ಅದನ್ನು ತರಿಸಿಕೊಂಡರು!

ಬಿಸಿಯಾದ ಲೋಹ ಹಿಗ್ಗುತ್ತದೆ ಎಂದು ನಿಮ್ಮ ವಿಜ್ಞಾನ ಪುಸ್ತಕದಲ್ಲಿದೆ. ಹಾರುವಾಗ ಈ ವಿಮಾನ ಕೆಲವು ಅಂಗುಲ ಉದ್ದವಾಗುತ್ತಿತ್ತು. ಆದ್ದರಿಂದ ತಗಡುಗಳ ನಡುವೆ ಸಂದು ಬಿಟ್ಟಿದ್ದರು. ನೆಲದ ಮೇಲೆ ನಿಂತಾಗ ಆ ಸಂದುಗಳಿಂದ ಇಂಧನ ತೊಟ್ಟಿಕ್ಕುತ್ತಿತ್ತು. ಮೇಲೆ ಹೋಗಿ ಮೈ ಕಾದ ಮೇಲೆ ಸಂದು ಮುಚ್ಚಿಕೊಳ್ಳುತ್ತಿತ್ತು. ಆ ಇಂಧನ ಸುಲಭವಾಗಿ ಬೆಂಕಿ ಹತ್ತುವಂಥದ್ದಲ್ಲ. ಅದನ್ನು ಹೊತ್ತಿಸಲು ಗಾಳಿ ಸೋಕಿದರೆ ಸಾಕು ಉರಿಯುವ ಇನ್ನೊಂದು ರಾಸಾಯನಿಕ ಬೇಕಿತ್ತು. ಎಂಜಿನ್ ಶುರುವಾಗುವಾಗ ಫಳ್ಳೆಂದು ಹಸಿರು ಬೆಳಕು ಕಾಣುತ್ತಿದ್ದದ್ದು ಅದರಿಂದಲೇ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಕಥೆಗೆ ಬರೋಣ. ರೆಕ್ಕೆಯ ತಗಡುಗಳನ್ನು ಬೆಸುಗೆ ಹಾಕಿ ಜೋಡಿಸುತ್ತಿದ್ದರಷ್ಟೆ. ಅವುಗಳಲ್ಲಿ ಕೆಲವು ಬೇಗನೆ ಕೈಕೊಡತೊಡಗಿದವು, ಕೆಲವು ಗಟ್ಟಿಯಾಗಿ ಉಳಿದವು. ಅದೇ ಲೋಹ, ಅದೇ ಯಂತ್ರ. ಮತ್ತೆ ಯಾಕೆ ಹೀಗೆ? ಆ ಕಾರ್ಖಾನೆಯಲ್ಲಿ ಪ್ರತಿಯೊಂದು ಭಾಗಕ್ಕೂ, ಲೋಹ ಎರಕವಾದ ದಿನದಿಂದ ಹಿಡಿದು, ದಾಖಲೆ ಇಡುತ್ತಿದ್ದರು. ಹಾಳೆಗಳನ್ನು ತಿರುವಿ ನೋಡಿದರೆ, ಕೈಕೊಟ್ಟವು ಬೇಸಿಗೆಯಲ್ಲಿ ಬೆಸೆದವು, ಉಳಿದವು ಚಳಿಗಾಲದಲ್ಲಿ ಬೆಸೆದವು! ಬೇಸಿಗೆಯಲ್ಲಿ ಏನು ಬದಲಾಗುತ್ತದೆ ಎಂದು ಹುಡುಕುತ್ತ ಹೋದವರು ಕೊನೆಗೆ ತಲುಪಿದ್ದು ನಲ್ಲಿಯ ಬಳಿಗೆ. ಬೇಸಿಗೆಯಲ್ಲಿ ಪಾಚಿ ಕಟ್ಟದಿರಲೆಂದು ಊರಿನ ನೀರಿಗೆ ಹೆಚ್ಚು ಕ್ಲೋರಿನ್ ಹಾಕುತ್ತಿದ್ದರು. ತಗಡು ತೊಳೆಯುತ್ತಿದ್ದದ್ದು ಅದೇ ನೀರಿನಲ್ಲಿ. ಕ್ಲೋರಿನ್‌ಗೂ ಟೈಟಾನಿಯಂಗೂ ಆಗಿಬರುವುದಿಲ್ಲ. ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದರು, ಕಾಟ ತಪ್ಪಿತು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು. ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಮ್ಮಲ್ಲಿ ಯಾರೂ ಮನೆಗೆ ಹೋಗುವಂತಿರಲಿಲ್ಲ. ಒಂದೊಂದೇ ವೋಚರ್ ಹಿಂದಕ್ಕೆ ತಿರುವುತ್ತ, ವ್ಯತ್ಯಾಸ ಹುಟ್ಟಿದ ಜಾಗ ಹುಡುಕಬೇಕು. ತಾರೀಖು ಬರೆದಿಟ್ಟಿದ್ದರೆ ಮಾತ್ರ ಅದು ಸಿಗುತ್ತದೆ. ಗುಮಾಸ್ತೆಯ ಕೆಲಸ ನೀರಸ ಅನ್ನುವವರಿಗೆ ನಾನು ಈ ರೆಕ್ಕೆಯ ಕಥೆ ಹೇಳುತ್ತೇನೆ.

ಅಂಥ ದಾಖಲೆ ಯಾಕೆ ಮುಖ್ಯವೆಂದರೆ, ಅದರ ಮೇಲೆ ಜೀವ ನಿಂತಿರುತ್ತದೆ. ಎರಡೂ ಎಂಜಿನ್‌ಗಳ ಮುಂದೆ ಬುಗುರಿಯ ಮೊಳೆಯಂತೆ ಚೂಪಾದ ಶಂಕುವೊಂದಿತ್ತು. ಒಳಗೆ ಹೋಗುವ ಗಾಳಿಯನ್ನು ಹದವಾಗಿಡಲು ಅದು ಹಿಂದೆಮುಂದೆ ಸರಿಯಬೇಕು. ಹದ ತಪ್ಪಿದರೆ ಒಂದು ಕಡೆಯ ಬಲ ತಟ್ಟನೆ ಕುಸಿದು ವಿಮಾನ ಪಕ್ಕಕ್ಕೆ ಎಳೆಯುತ್ತದೆ. 1966ರ ಜನವರಿ 25ರಂದು ಬಿಲ್ ವೀವರ್ ಮತ್ತು ಜಿಮ್ ಝ್ವೇಯರ್ ಪರೀಕ್ಷೆಗೆಂದು ಹಾರುತ್ತಿದ್ದಾಗ ಹಾಗೆಯೇ ಆಯಿತು. ಶಬ್ದದ ಮೂರು ಪಟ್ಟಿಗೂ ಮೀರಿದ ವೇಗ, ಸುಮಾರು 24 ಕಿಲೋಮೀಟರ್ ಎತ್ತರ. ಕೆಲವೇ ಸೆಕೆಂಡುಗಳಲ್ಲಿ ವಿಮಾನ ಚೂರುಚೂರಾಯಿತು. ವೀವರ್ ಹಾರಿಕೊಳ್ಳಲೂ ಸಮಯವಿರಲಿಲ್ಲ. ಪ್ರಜ್ಞೆ ತಪ್ಪಿ ಹೊರಗೆ ಎಸೆಯಲ್ಪಟ್ಟರು. ಗಾಳಿ ತುಂಬಿಕೊಂಡ ಅವರ ಒತ್ತಡದ ಉಡುಪು ಅವರನ್ನು ಕಾಪಾಡಿತು, ಪ್ಯಾರಾಚೂಟ್ ತಾನಾಗಿ ಬಿಚ್ಚಿಕೊಂಡಿತು. ನ್ಯೂ ಮೆಕ್ಸಿಕೋದ ಬಯಲಿನಲ್ಲಿ ಅವರು ಬದುಕಿ ಇಳಿದರು. ಝ್ವೇಯರ್ ಬದುಕಲಿಲ್ಲ.

ವೀವರ್ ಎರಡು ವಾರದಲ್ಲಿ ಮತ್ತೆ ಅದೇ ಬಗೆಯ ವಿಮಾನ ಹಾರಿಸಿದರು. ಆ ದಿನ ವಿಮಾನದ ತೂಕವನ್ನು ಬೇಕೆಂದೇ ಹಿಂದಕ್ಕೆ ಸರಿಸಿ ಪರೀಕ್ಷಿಸುತ್ತಿದ್ದರು. ಆ ಬಗೆಯ ಪರೀಕ್ಷೆ ನಿಂತಿತು. ಶಂಕುವನ್ನು ನಿಯಂತ್ರಿಸುವ ವ್ಯವಸ್ಥೆಯೂ ವರ್ಷದಿಂದ ವರ್ಷಕ್ಕೆ ಸುಧಾರಿಸಿತು.

ಒಟ್ಟು 32 ಕಪ್ಪು ಹಕ್ಕಿಗಳನ್ನು ಕಟ್ಟಿದರು. ಅಪಘಾತಗಳಲ್ಲಿ ಕಳೆದುಕೊಂಡದ್ದು 12. ಶತ್ರುಗಳು ಹೊಡೆದುರುಳಿಸಿದ್ದು ಒಂದನ್ನೂ ಇಲ್ಲ. ಪುಸ್ತಕದಲ್ಲಿ ಇವು ಬರೀ ಮೂರು ಅಂಕಿ. ಆದರೆ ಅಂಕಿಯ ಹಿಂದೆ ಝ್ವೇಯರ್ ಅಂಥವರು ಇರುತ್ತಾರೆ ಎಂಬುದನ್ನು ಲೆಕ್ಕ ಬರೆಯುವವರು ಮರೆಯಬಾರದು.

ಬರಬರುತ್ತ ಉಪಗ್ರಹಗಳು ಬಂದವು. ಈ ವಿಮಾನ ಸಾಕುವ ಖರ್ಚು ಭಾರವಾಯಿತು. 1990ರಲ್ಲಿ ವಾಯುಪಡೆ ಅದಕ್ಕೆ ನಿವೃತ್ತಿ ಕೊಟ್ಟಿತು. ನಡುವೆ ಕೆಲಕಾಲ ಮತ್ತೆ ಕೆಲಸಕ್ಕೆ ಕರೆದರೂ 1999ರ ಅಕ್ಟೋಬರ್‌ನಲ್ಲಿ ನಾಸಾ ಸಂಸ್ಥೆಗಾಗಿ ಹಾರಿದ್ದೇ ಕೊನೆಯ ಹಾರಾಟ.

ಈ ವಾರದ ಲೆಕ್ಕ: 1990ರ ಮಾರ್ಚ್ 6ರಂದು ಒಂದು ಕಪ್ಪು ಹಕ್ಕಿ ವಸ್ತುಸಂಗ್ರಹಾಲಯ ಸೇರಲು ಹೊರಟಿತು. ದಾರಿಯಲ್ಲಿ ಲಾಸ್ ಏಂಜಲೀಸ್‌ನಿಂದ ವಾಷಿಂಗ್ಟನ್‌ವರೆಗಿನ ಸುಮಾರು 3,700 ಕಿಲೋಮೀಟರನ್ನು 64 ನಿಮಿಷ 20 ಸೆಕೆಂಡಿನಲ್ಲಿ ದಾಟಿತು. ಹಾಗಾದರೆ ಗಂಟೆಗೆ ಎಷ್ಟು ವೇಗ? ಮೊಮ್ಮಕ್ಕಳು ಕಾಗದದ ಮೇಲೆ ಮಾಡಲಿ, ಅಜ್ಜ-ಅಜ್ಜಿಯರು ಬಾಯಿಲೆಕ್ಕದಲ್ಲಿ ಮಾಡಲಿ. ಕ್ಯಾಲ್ಕುಲೇಟರ್ ಮುಟ್ಟುವಂತಿಲ್ಲ! 3,450ರ ಆಸುಪಾಸು ಬಂದರೆ ಲೆಕ್ಕ ತಾಳೆಯಾಯಿತು, ಮನೆಗೆ ಹೋಗಬಹುದು.